ಲಕ್ಷ ರೂಪಾಯಿ ಫೋನು ತಗೊಳ್ಳಬಹುದಾ?

ಹಳೆ ಫೋನಿಗೆ ಟೆಂಪರ್ ಗ್ಲಾಸ್ ಹಾಕಿಸಿಕೊಳ್ಳಲು ಬಂದವರು ಕೌಂಟರಿನ ಆಚೆ ನಿಂತು ಸುಮ್ನೆ ಅನ್ನುವ ಹಾಗೆ ಕೇಳುತ್ತಾರೆ: "ಅಣ್ಣ, ಈ ಲಕ್ಷ ರೂಪಾಯಿ ಫೋನು ತಗೊಂಡ್ರೆ ವರ್ತ್ ಇದ್ಯಾ?"

ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನನ್ನದು. ದಿನಕ್ಕೆ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಅರ್ಧಕ್ಕರ್ಧ ಮಂದಿ ಕೇಳುವ ಹೊತ್ತಿಗೆ ಬಣ್ಣವನ್ನೂ ಆರಿಸಿ ಆಗಿರುತ್ತದೆ. ಅವರಿಗೆ ಬೇಕಾದದ್ದು ನನ್ನ ಬಾಯಿಂದ ಒಂದು "ಹೂಂ" ಅಷ್ಟೇ. ನಾನು ತಿರುಗಿ ಕೇಳುವುದು ಒಂದೇ ಮಾತು. ಆ ಫೋನು ನಿಮಗೆ ದುಡಿದು ಕೊಡುತ್ತದಾ?

ದುಡಿದು ಕೊಡುವ ಕಡೆ ನಾನೇ ತಗೊಳ್ಳಿ ಅಂದಿದ್ದೇನೆ. ರಾತ್ರಿ ಇಡೀ ಯಕ್ಷಗಾನ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಹುಡುಗನೊಬ್ಬ ನನ್ನ ಗಿರಾಕಿ. ಅಗ್ಗದ ಫೋನಿನಲ್ಲಿ ವೇಷದ ಮುಖ ಬರೀ ಕೆಂಪು ಮುದ್ದೆ, ಕುಣಿತ ಜೋರಾದರೆ ಎಲ್ಲ ಕಲಸುಮೇಲೋಗರ. ದುಬಾರಿ ಫೋನಿನ ಒಳಗೆ ಕ್ಯಾಮೆರಾ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್ಪು, ದೊಡ್ಡದಿರುತ್ತದೆ. ಮಳೆಗೆ ಚೊಂಬು ಇಟ್ಟರೆ ಎಷ್ಟು ನೀರು, ಬಾಯಗಲದ ಕಡಾಯಿ ಇಟ್ಟರೆ ಎಷ್ಟು? ಬೆಳಕಿನ ಲೆಕ್ಕವೂ ಅದೇ. ಕತ್ತಲಲ್ಲಿ ಗೊತ್ತಾಗುವ ವ್ಯತ್ಯಾಸ ಇದು. ಹಗಲು ಅಂಗಳದಲ್ಲಿ ಮೊಮ್ಮಗುವಿನ ಫೋಟೋ ತೆಗೆಯುವವರಿಗೆ 20 ಸಾವಿರದ ಫೋನೇ ಧಾರಾಳ ಸಾಕು.

ಉಳಿದ ಕೆಲಸಗಳಲ್ಲಿ ದುಡ್ಡಿನ ವ್ಯತ್ಯಾಸ ಕಾಣುವುದೇ ಇಲ್ಲ. ವಾಟ್ಸಾಪ್ ಅದೇ, ಫೋನ್‌ಪೇ ಅದೇ. ನಮ್ಮ ಘಟ್ಟದ ತಿರುವಿನಲ್ಲಿ ಟವರ್ ಇಲ್ಲ ಅಂದ ಮೇಲೆ ಲಕ್ಷದ ಫೋನಿಗೂ ಸಿಗ್ನಲ್ ಇಲ್ಲ.

"ದುಬಾರಿಯದ್ದು ಗಟ್ಟಿ ಅಲ್ವಾ? ನೀರಿಗೆ ಬಿದ್ದರೂ ಏನೂ ಆಗಲ್ಲ ಅಲ್ವಾ?" ಅನ್ನುತ್ತಾರೆ. ಇದಕ್ಕೆ ಒಂದು ಕಥೆ ಇದೆ. ಮಳೆಗಾಲದಲ್ಲಿ ಅಡಿಕೆ ಬೆಳೆಗಾರರೊಬ್ಬರು ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಿದ್ದರು. ಬಗ್ಗಿದಾಗ ಮೇಲಿನ ಜೇಬಿನಿಂದ ಫೋನು ಸೀದಾ ಬೋರ್ಡೋ ಡ್ರಮ್ಮಿಗೆ. ಮೈಲುತುತ್ತು, ಸುಣ್ಣ ಕಲಸಿದ ನೀರು. ತೆಗೆದು ಪಂಚೆಯಲ್ಲಿ ಒರೆಸಿಕೊಂಡು, "ನೀರು ತಡೆಯುವ ಐಪಿ 68 ರೇಟಿಂಗ್ ಇದೆಯಲ್ಲ" ಅಂತ ಧೈರ್ಯವಾಗಿದ್ದರು. ಮಾರನೇ ದಿನ ಚಾರ್ಜ್ ಆಗಲಿಲ್ಲ. ನನ್ನ ಟೇಬಲ್ಲಿಗೆ ಬಂದಾಗ ಚಾರ್ಜಿಂಗ್ ಪಿನ್ನಿನ ತುಂಬ ನೀಲಿ ಹುಡಿ. ಬಿಚ್ಚಿದರೆ ಅಂಚಿನ ಗಮ್ಮು ಒಂದು ಕಡೆ ಎದ್ದಿತ್ತು. ಹಿಂದೆ ಯಾವಾಗಲೋ ಕೆಳಗೆ ಬಿದ್ದಿದ್ದು ಅವರಿಗೆ ಆಮೇಲೆ ನೆನಪಾಯಿತು. ಆ 68 ಅನ್ನುವುದು ಹೊಸ ಫೋನನ್ನು ಶುದ್ಧ ನೀರಿನಲ್ಲಿ ಮುಳುಗಿಸಿ ಕೊಟ್ಟ ನಂಬರು. ಫೋನು ಹಳೆಯದಾದ ಹಾಗೆ, ಬಿದ್ದು ಎದ್ದ ಹಾಗೆ ಆ ತಡೆ ಕಡಿಮೆಯಾಗುತ್ತದೆ. ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ. ಇದೆಲ್ಲ ಕಂಪನಿಯವರೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಡಿಸ್‌ಪ್ಲೇ ಒಡೆದರಂತೂ ನೋಡಲಿಕ್ಕಾಗದು. 15 ಸಾವಿರದ ಫೋನಿಗೆ ಕಾಂಬೋ, ಅಂದರೆ ಡಿಸ್‌ಪ್ಲೇ ಮತ್ತು ಟಚ್ ಗ್ಲಾಸ್ ಸೇರಿದ ಸೆಟ್ಟು, ಹಾಕಿಸಿ ಎರಡು ಮೂರು ಸಾವಿರ ಕೊಟ್ಟು ಹೋಗುತ್ತಾರೆ. ಲಕ್ಷದ ಫೋನಿನ ಒರಿಜಿನಲ್ ಡಿಸ್‌ಪ್ಲೇಗೆ ಕಾಲು ಲಕ್ಷ ದಾಟುವುದೂ ಇದೆ. ಆ ರೇಟು ಹೇಳುವಾಗ ಗಿರಾಕಿಯ ಮುಖ ನೋಡಲು ನನಗೇ ಬೇಜಾರು.

ದುಬಾರಿ ಫೋನಿನ ಪರವಾಗಿ ಒಂದು ನ್ಯಾಯವಾದ ಮಾತಿದೆ, ಬಾಳಿಕೆಯದ್ದು. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಎಸ್ 24ಕ್ಕೆ 7 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುತ್ತೇವೆ ಅಂದವು. 70 ಸಾವಿರದ ಫೋನನ್ನು 7 ವರ್ಷ ಇಟ್ಟುಕೊಂಡರೆ ವರ್ಷಕ್ಕೆ ಹತ್ತು ಸಾವಿರ. 15 ಸಾವಿರದ್ದನ್ನು 3 ವರ್ಷ ಬಳಸಿದರೆ ಐದು ಸಾವಿರ. ಅಲ್ಲಿಗೂ ಅಗ್ಗದ್ದೇ ಗೆದ್ದಿತು. ಮೇಲಾಗಿ ಅದೇ ಸ್ಯಾಮ್‌ಸಂಗ್ 2024ರಲ್ಲೇ 20 ಸಾವಿರದ ಒಳಗಿನ ಎ 16 ಫೈವ್‌ಜಿಗೂ 6 ವರ್ಷ ಅಪ್‌ಡೇಟ್ ಅಂದಿತು. ಇನ್ನು ಬ್ಯಾಟರಿಗೆ ಬಡವ ಶ್ರೀಮಂತ ಅಂತ ಭೇದ ಇಲ್ಲ. ಐಫೋನ್ 14ರವರೆಗಿನ ಬ್ಯಾಟರಿ 500 ಸಲ ಪೂರ್ತಿ ಖಾಲಿಯಾಗಿ ತುಂಬುವ ಹೊತ್ತಿಗೆ 80 ಪರ್ಸೆಂಟ್ ಶಕ್ತಿ ಉಳಿಸಿಕೊಳ್ಳುತ್ತದೆ, 15ರಿಂದ ಈಚೆಗೆ 1000 ಸಲ ಅಂತ ಆಪಲ್ ಕಂಪನಿಯೇ ಹೇಳುತ್ತದೆ. ದಿನಾ ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ವರ್ಷ ಆಯಿತು, ನೀವೇ ಲೆಕ್ಕ ಹಾಕಿ. ಏಳು ವರ್ಷ ಬಳಸುವುದಾದರೆ ನಡುವೆ ಒಂದು ಬ್ಯಾಟರಿ ಖರ್ಚಂತೂ ಇದ್ದೇ ಇದೆ. ನಿಜ ಹೇಳಬೇಕೆಂದರೆ, ಲಕ್ಷದ ಫೋನು ತಗೊಂಡು ಏಳು ವರ್ಷ ಇಟ್ಟುಕೊಂಡವರನ್ನು ನಾನು ಇನ್ನೂ ನೋಡಿಲ್ಲ. ಮೂರನೇ ವರ್ಷಕ್ಕೆ "ಎಕ್ಸ್‌ಚೇಂಜ್‌ಗೆ ಎಷ್ಟು ಬರುತ್ತೆ" ಅಂತ ಬರುತ್ತಾರೆ.

"ನೋ ಕಾಸ್ಟ್ ಇಎಂಐ ಇದೆ, ಬಡ್ಡಿ ಇಲ್ಲ" ಅನ್ನುವವರು ಸ್ವಲ್ಪ ನಿಲ್ಲಿ. ಬಡ್ಡಿ ಇಲ್ಲದ ಸಾಲ ಕೊಡಲು ಬ್ಯಾಂಕು ನಮ್ಮ ಮಾವನ ಮನೆಯಲ್ಲ. ಬಡ್ಡಿ ಇರುತ್ತದೆ. ಅಷ್ಟೇ ಮೊತ್ತವನ್ನು ಡಿಸ್ಕೌಂಟ್ ಅಂತ ತೋರಿಸಿ ಬಿಲ್ಲಿನಲ್ಲಿ ಕಳೆದಿರುತ್ತಾರೆ. ಕಾರ್ಡಿನ ಇಎಂಐ ಆದರೆ ಬಡ್ಡಿಯ ಮೇಲೆ ಬೀಳುವ 18 ಪರ್ಸೆಂಟ್ ಜಿಎಸ್‌ಟಿ, ಪ್ರೊಸೆಸಿಂಗ್ ಫೀ ಸೇರಿ ನಿಮ್ಮ ತಲೆಗೇ. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು. ಇಎಂಐ ಮುಗಿಯುವ ಮೊದಲೇ ಡಿಸ್‌ಪ್ಲೇ ಒಡೆದುಕೊಂಡು ಬಂದವರು ನನ್ನ ಅಂಗಡಿಯಲ್ಲಿ ಬೇಕಾದಷ್ಟು ಜನ.

ಇಷ್ಟೆಲ್ಲ ಕೇಳಿಯೂ "ಆಸೆ ಆಗಿದೆ ಅಣ್ಣ" ಅಂದರೆ ನಾನು ಬೇಡ ಅನ್ನುವುದಿಲ್ಲ. ಆಸೆಗೆ ಯಾವ ಲೆಕ್ಕ? ಕೈಯಲ್ಲಿ ದುಡ್ಡಿದ್ದರೆ ತಗೊಳ್ಳಿ. ಹೋದ ವರ್ಷದ ಮಾಡೆಲ್ ನೋಡಿ, ರೇಟು ಎಷ್ಟೋ ಇಳಿದಿರುತ್ತದೆ. ಬಿಲ್ಲು, ಬಾಕ್ಸು ಎರಡೂ ಜೋಪಾನ ಮಾಡಿ. ತೋಟಕ್ಕೆ ಹೋಗುವಾಗ ಮೇಲಿನ ಜೇಬಿನಲ್ಲಿ ಇಡಬೇಡಿ. ಮತ್ತೆ, ಅಷ್ಟು ದುಡ್ಡು ಸುರಿದು ಬಂದವರು ನನ್ನ ಹತ್ತಿರ 200 ರೂಪಾಯಿಯ ಟೆಂಪರ್ ಗ್ಲಾಸಿಗೆ "ಜಾಸ್ತಿ ಆಯ್ತು, 150 ಮಾಡ್ಕೊಳ್ಳಿ" ಅಂತ ಚೌಕಾಸಿ ಮಾಡಬೇಡಿ ಮಾರಾಯ್ರೆ.