ಟೋಕಿಯೊದಲ್ಲಿ ಪುಕ್ಕಟೆ ಸುಮೋ, ಪಕ್ಕದಲ್ಲಿ ಆಒಮೊರಿ ಅಜ್ಜಿ

ಜಪಾನ್ ಪ್ರವಾಸದಲ್ಲಿ ಕ್ಯೋಟೊ, ನಾರಾ ಎಲ್ಲ ಚೆನ್ನಾಗಿಯೇ ಇದ್ದವು, ಫೋಟೋ ಹಾಕಿದ್ದೇನೆ, ನೋಡಿಕೊಳ್ಳಿ. ನಾನು ಬರೆಯಬೇಕು ಅಂತ ಕೂತಿದ್ದು ಟೋಕಿಯೊದ ಯಾಸುಕುನಿ ದೇವಸ್ಥಾನದ ಸುಮೋ ಕುಸ್ತಿ ಬಗ್ಗೆ.

ಟೋಕಿಯೊದ ದೊಡ್ಡ ಸುಮೋ ಪಂದ್ಯಾವಳಿ ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ, ಒಂದೊಂದೂ 15 ದಿನ. ನಾವು ಹೋಗಿದ್ದು ಏಪ್ರಿಲ್‌ನಲ್ಲಿ. ಆದರೆ ಯಾಸುಕುನಿಯಲ್ಲಿ ವಸಂತದ ಉತ್ಸವದ ಹೊತ್ತಿಗೆ ದೇವರಿಗೆ ಸೇವೆ ಅಂತ ಒಂದು ದಿನ ಸುಮೋ ಆಡಿಸುತ್ತಾರೆ. ದೇವಸ್ಥಾನ ಕಟ್ಟಿದ 1869ರಿಂದಲೇ ಇಲ್ಲಿ ಸುಮೋ ಇದೆ. ಬರುವವರು ಯೊಕೊಜುನಾ ಅನ್ನುವ ಎಲ್ಲಕ್ಕಿಂತ ಮೇಲಿನ ಪಟ್ಟದವರೂ ಸೇರಿ ಅಸಲಿ ವೃತ್ತಿಪರ ಪೈಲ್ವಾನರೇ. ಬಯಲಲ್ಲಿ ಅಖಾಡ, ನೋಡುವುದಕ್ಕೆ ದುಡ್ಡಿಲ್ಲ.

ಈ ದುಡ್ಡಿಲ್ಲ ಅನ್ನುವುದನ್ನು ಇನ್ನೊಂದು ಸಲ ಓದಿ. ನಮ್ಮ ಟ್ರಾವೆಲ್ಸ್‌ನವರು ಇದಕ್ಕೆ "ಸುಮೋ ಪ್ರವೇಶ" ಅಂತ ತಲೆಗಿಷ್ಟು ದುಡ್ಡು ಕಿತ್ತುಕೊಂಡಿದ್ದರು. ಕೇಳಿದರೆ ಗೈಡ್ ಚಾರ್ಜು ಅಂತೆ. ಆ ಗೈಡ್ ಮಹಾಶಯ ಬಂದಿದ್ದೇ ಹತ್ತು ಗಂಟೆ ಮೇಲೆ, ಅಷ್ಟರಲ್ಲಿ ಒಳ್ಳೆ ಜಾಗವೆಲ್ಲ ಹೋಗಿತ್ತು. ನೀವು ಹೋಗುವುದಾದರೆ ಮೆಟ್ರೋ ಹತ್ತಿ ಕುದಾನ್‌ಶಿತಾದಲ್ಲಿ ಇಳಿಯಿರಿ. ಬೆಳಿಗ್ಗೆ ಬೇಗ ಹೋಗಿ. 100 ಯೆನ್ ಅಂಗಡಿಯಿಂದ ಹಾಸಿಕೊಳ್ಳಲು ಪ್ಲಾಸ್ಟಿಕ್ ಶೀಟು ಕೊಳ್ಳಿ, ತಲೆಗೆ ಟೋಪಿ ಇರಲಿ. ಯಾರಿಗೂ ನಯಾಪೈಸೆ ಕೊಡಬೇಡಿ!

ಅದೃಷ್ಟಕ್ಕೆ ಟೋಕಿಯೊದ ನಿಶಿಕಸಾಯ್‌ನಲ್ಲಿರುವ ಗೆಳತಿ ಜೊತೆಗೆ ಬಂದಿದ್ದಳು. ಅಲ್ಲಿಂದ ಮೆಟ್ರೋದ ತೋಜಾಯ್ ಲೈನ್‌ನಲ್ಲಿ ನೇರ ಬರಬಹುದು. ಅವಳಿಗೆ ಜಪಾನಿ ಭಾಷೆ ನೀರು ಕುಡಿದಷ್ಟು ಸಲೀಸು. ಅವಳು ಯಾರನ್ನೋ ಕೇಳಿ, ಒಬ್ಬ ಅಜ್ಜಿಯ ಶೀಟಿನ ಪಕ್ಕದಲ್ಲಿ ನಮ್ಮದನ್ನು ತುರುಕಿದಳು. ಮುಂದೆ ಒಬ್ಬ ಎತ್ತರದ ಆಸಾಮಿಯ ತಲೆ ಅಡ್ಡ. ಇರಲಿ.

ನಾನು ಎಲ್ಲ ಗಂಭೀರವಾಗಿರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಇಬ್ಬರು ಪೈಲ್ವಾನರು ಬಂದು ನಗೆನಾಟಕವನ್ನೇ ಶುರು ಮಾಡಿದರು. ಇದಕ್ಕೆ ಶೊಕ್ಕಿರಿ ಅನ್ನುತ್ತಾರೆ. ಸುಮೋದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿ ತೋರಿಸುವುದು. ಒಬ್ಬ ಬಾಯಿಯ ನೀರನ್ನು ಇನ್ನೊಬ್ಬನ ಮುಖಕ್ಕೆ ಉಗಿದ, ಇನ್ನೊಬ್ಬ ಬೊಗಸೆ ತುಂಬ ಉಪ್ಪು ಎತ್ತಿ ಎರಚಿದ, ನಡುವೆ ರೆಫ್ರಿಗೂ ಒಂದು ಏಟು. ಆಮೇಲೆ ಐದಾರು ಜನ ಸೊಂಟದಿಂದ ಮುಂದೆ ಇಳಿಬಿದ್ದ ಕಸೂತಿ ಬಟ್ಟೆ ಉಟ್ಟು ಸುತ್ತ ನಿಂತರು. ಒಬ್ಬ ಹಾಡಿದ, ಉಳಿದವರು "ದೊಸುಕೊಯ್ ದೊಸುಕೊಯ್" ಅಂತ ದನಿಗೂಡಿಸಿದರು. ಅಷ್ಟು ದೊಡ್ಡ ದೇಹದಿಂದ ಅಷ್ಟು ತೆಳುವಾದ ದನಿ ಹೇಗೆ ಬರುತ್ತದೋ!

ಪೈಲ್ವಾನರು ನಮ್ಮ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಜುಟ್ಟಿಗೆ ಹಚ್ಚುವ ಮೇಣದಂಥ ಎಣ್ಣೆಯ ಸಿಹಿ ವಾಸನೆ, ಅವರು ದಾಟಿ ಹೋದ ಮೇಲೂ ಹಾಗೇ ನಿಂತಿರುತ್ತಿತ್ತು.

ಪ್ರತಿ ಕುಸ್ತಿಗೂ ಮುಂಚೆ ಮೈಕಿನಲ್ಲಿ ಹೆಸರಿನ ಜೊತೆ ಊರನ್ನೂ ಕೂಗುತ್ತಾರೆ, ಥೇಟ್ ನಮ್ಮ ಜಾತ್ರೆ ಕುಸ್ತಿಯ ಹಾಗೆ. "ಆಒಮೊರಿ" ಅಂದ ತಕ್ಷಣ ಪಕ್ಕದ ಅಜ್ಜಿ ಎದ್ದು ಕೂತು ಚಪ್ಪಾಳೆ ತಟ್ಟಿದರು. ಆ ಹುಡುಗ ಕೆಳಗಿನ ದರ್ಜೆಯವನು, ಅಂಥವರಿಗೆ ಸಂಬಳವೂ ಇರುವುದಿಲ್ಲ. ಎರಡೇ ಸೆಕೆಂಡಿಗೆ ಗೆರೆ ಆಚೆ ಬಿದ್ದ.

"ಮೊಮ್ಮಗನಾ ಅಜ್ಜಿ?" ಅಂತ ಗೆಳತಿಯ ಕೈಲಿ ಕೇಳಿಸಿದೆ.

"ಅಯ್ಯೋ, ಯಾರೋ ಏನೋ. ನಮ್ಮ ಕಡೆಯವನು ಅಷ್ಟೇ."

ಅಜ್ಜಿ ಮದುವೆಯಾಗಿ ಟೋಕಿಯೊಗೆ ಬಂದು ಎಷ್ಟೋ ವರ್ಷವಾಗಿದೆ. ಆಒಮೊರಿ ಉತ್ತರದ ತುದಿ, ಹಿಮ ಜಾಸ್ತಿ, ಸೇಬು ಜಾಸ್ತಿ, ಸುಮೋ ಪೈಲ್ವಾನರೂ ಜಾಸ್ತಿ. ಮೇಲಿನ ದರ್ಜೆಯಲ್ಲಿ ನೂರು ವರ್ಷಕ್ಕೂ ಮೇಲಿಂದ ಅಲ್ಲಿಯ ಒಬ್ಬನಾದರೂ ಇದ್ದೇ ಇದ್ದಾನೆ ಅನ್ನುವುದು ಅಜ್ಜಿಯ ಜಂಬ. "ಈಗ ಮಂಗೋಲಿಯಾದವರು ಗೆಲ್ಲುತ್ತಾರಲ್ಲ?" ಅಂತ ಗೆಳತಿ ಕೆಣಕಿದಳು. "ಗೆಲ್ಲಲಿ, ಅವರಿಗೂ ಒಂದು ಊರಿದೆ ಅಲ್ವಾ" ಅಂದವರೇ ನಮ್ಮ ಕೈಗೆ ಒಂದೊಂದು ಅಕ್ಕಿ ಉಂಡೆ ಇಟ್ಟರು. ಒಳಗೆ ಮೀನಿತ್ತು. ಗೆಳತಿ ನನ್ನದನ್ನೂ ತಿಂದಳು.

ನಿಮ್ಮ ಊರಲ್ಲಿ ಇಂಥದ್ದಿದೆಯಾ ಅಂತ ಅಜ್ಜಿ ಕೇಳಿದಾಗ, ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದ ಬಗ್ಗೆ ಹೇಳಿದೆ. ಜಟ್ಟಿಗಳು ತಲೆ ಬೋಳಿಸಿಕೊಂಡು ಬರುತ್ತಾರೆ, ರಕ್ತ ಕಂಡ ಕೂಡಲೇ ಮುಗಿಯುತ್ತದೆ ಅಂತ. "ರಕ್ತವೇ? ದೇವರ ಹಬ್ಬದಲ್ಲಿ?" ಅಂತ ಅಜ್ಜಿ ಮುಖ ಸಿಂಡರಿಸಿದರು.

ನನಗೂ ಮುಖ ಸಿಂಡರಿಸುವಂಥದ್ದು ಇಲ್ಲಿತ್ತು ಅನ್ನಿ. ಅಖಾಡಕ್ಕೆ ಹೆಂಗಸರು ಕಾಲಿಡುವಂತಿಲ್ಲ. 2018ರಲ್ಲಿ ಮೈಜುರು ಊರಲ್ಲಿ ಸುಮೋ ಅಖಾಡದ ಮೇಲೆ ಕುಸಿದು ಬಿದ್ದ ಮೇಯರ್ ಜೀವ ಉಳಿಸಲು ಓಡಿ ಬಂದ ಹೆಂಗಸರಿಗೇ ಮೈಕಿನಲ್ಲಿ "ಕೆಳಗಿಳಿಯಿರಿ" ಅಂದಿದ್ದರು. ಇನ್ನು ಈ ದೇವಸ್ಥಾನ, ಯುದ್ಧದಲ್ಲಿ ಸತ್ತವರದ್ದು. 1978ರಲ್ಲಿ ಎ ದರ್ಜೆಯ 14 ಯುದ್ಧಾಪರಾಧಿಗಳನ್ನೂ ಸೇರಿಸಿಕೊಂಡಿದ್ದಾರೆ, ಚೀನಾ, ಕೊರಿಯಾದವರ ಸಿಟ್ಟು ಅದಕ್ಕೇ. ಎರಡನೇ ಮಹಾಯುದ್ಧದ ನಂತರ ಟೋಕಿಯೊದಲ್ಲಿ ನಡೆದ ಅವರ ಮೊಕದ್ದಮೆಯಲ್ಲಿ ಆರೋಪಿಗಳೆಲ್ಲ ನಿರ್ದೋಷಿಗಳು ಎಂದು ಬರೆದ ನಮ್ಮ ಜಡ್ಜ್ ರಾಧಾವಿನೋದ ಪಾಲ್ ಅವರಿಗೆ 2005ರಲ್ಲಿ ನಿಲ್ಲಿಸಿದ ಸ್ಮಾರಕವೂ ಅಲ್ಲೇ ಇದೆ. ಭಾರತದವರು ಅಂತ ಹೆಮ್ಮೆ ಪಡಬೇಕೋ ಬೇಡವೋ ಗೊತ್ತಾಗದೆ ಸುಮ್ನೆ ನಿಂತು ಬಂದೆ. ಪಕ್ಕದ ಯುದ್ಧದ ಮ್ಯೂಸಿಯಂ ಮಾತ್ರ ನನಗೆ ಸೇರಲಿಲ್ಲ.

ಸೊಂಟಕ್ಕೆ ದಪ್ಪ ಬಿಳಿ ಹಗ್ಗ ಕಟ್ಟಿಕೊಂಡು ಯೊಕೊಜುನಾ ಬಂದು ಕಾಲೆತ್ತಿ ನೆಲಕ್ಕೆ ಅಪ್ಪಳಿಸಿದಾಗ ಜನವೆಲ್ಲ "ಯೊಇಶೊ" ಅಂತ ಕೂಗಿದರು. ನಾವೂ ಕೂಗಿದೆವು. ಮೇಲಿನ ದರ್ಜೆಯ ಕುಸ್ತಿ ಶುರುವಾಗಿ ಆಒಮೊರಿಯವನದ್ದು ಮುಗಿದದ್ದೇ ತಡ, ಅಜ್ಜಿ ಶೀಟು ಮಡಚತೊಡಗಿದರು. ಯೊಕೊಜುನಾ ಕುಸ್ತಿ ನೋಡಲ್ವಾ ಅಂದರೆ, "ಅವನು ಟೀವಿಯಲ್ಲಿ ಬರುತ್ತಾನೆ ಬಿಡಿ, ನನಗೆ ಬಸ್ಸಿದೆ" ಅಂದರು. ಅವರ ಜಾಗಕ್ಕೆ ನಾವು ಸರಿದೆವು. ಅಲ್ಲಿಂದ ಆ ಎತ್ತರದ ಆಸಾಮಿ ಅಡ್ಡ ಬರುತ್ತಿರಲಿಲ್ಲ.