ಬೈದುಕೊಂಡೇ ಗಾಲಿ ಬಿಚ್ಚಿದ ಅಜ್ಜ

ನನ್ನ ಬ್ಯಾಗಲ್ಲಿ ಏನೇನಿತ್ತು ಅಂತ ಹೇಳಿದರೆ ನಗ್ತೀರಿ. ಹೊಸ ಟಾರ್ಚು, ಜನವರಿ ತಿಂಗಳಲ್ಲಿ ರೈನ್‌ಕೋಟು, ಎರಡು ಪವರ್ ಬ್ಯಾಂಕು, ಆನ್‌ಲೈನಲ್ಲಿ ತರಿಸಿದ ಪಂಚರ್ ಕಿಟ್ಟು. ಆ ಕಿಟ್ಟು ಟ್ಯೂಬ್‌ಲೆಸ್ ಟೈರಿಗೆ. ನನ್ನದು ಅಪ್ಪ ಓಡಿಸ್ತಿದ್ದ ಹಳೇ ಸ್ಪ್ಲೆಂಡರ್, ಅದರ ಟೈರೊಳಗೆ ಟ್ಯೂಬಿದೆ. ಇದು ನನ್ನ ತಲೆಗೆ ಹೊಳೆದದ್ದು ಅಮೀನಗಡದಿಂದ ಐಹೊಳೆ ಕಡೆ ತಿರುಗಿ ಸ್ವಲ್ಪ ದೂರ ಹೋದ ಮೇಲೆ, ಹಿಂದಿನ ಗಾಲಿ ಎಡಕ್ಕೂ ಬಲಕ್ಕೂ ಓಲಾಡಿ ಗಾಡಿ ರಸ್ತೆ ಪಕ್ಕದ ಮಣ್ಣಿಗೆ ಇಳಿದು ನಿಂತಾಗ.

ಬೆಂಗಳೂರಿಂದ ಒಬ್ಬನೇ ಹೊರಟು ಎರಡನೇ ದಿನ. ಮೊದಲನೇ ರಾತ್ರಿ ಹೊಸಪೇಟೆಯಲ್ಲಿ ಮಲಗಿ, ಬೆಳಗ್ಗೆ ಕುಷ್ಟಗಿ, ಇಳಕಲ್ಲು, ಹುನಗುಂದ ಅಂತ ನಿಧಾನಕ್ಕೆ ಬಂದಿದ್ದೆ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡಿದ್ದೂ ಆಯ್ತು. ಐಹೊಳೆಯ ಮೇಗುತಿ ಗುಡ್ಡ ಹತ್ತಿ, ರವಿಕೀರ್ತಿ ಬರೆದ 634ರ ಶಾಸನ ನೋಡಿ, ಅಲ್ಲೇ ಸೂರ್ಯ ಮುಳುಗೋದನ್ನೂ ನೋಡಿಕೊಂಡು ರಾತ್ರಿಗೆ ಬಾದಾಮಿ ಸೇರೋದು ಅಂತ ಲೆಕ್ಕ. ಗಂಟೆ ಆಗಲೇ ನಾಲ್ಕೂವರೆ.

ಎರಡೂ ಕಡೆ ಎರೆ ಹೊಲ, ಎದೆಮಟ್ಟ ಬೆಳೆದ ಹಿಂಗಾರಿ ಜೋಳ. ಒಂದು ಹೊಲದ ಬದುವಿನಲ್ಲಿ ಹೊಗೆ ಏಳ್ತಿತ್ತು. ಅಲ್ಲಿಂದ ಪಟಕಾ ಸುತ್ತಿದ ಒಬ್ಬ ಅಜ್ಜ ಎದ್ದು ಬಂದರು. ನಾನು ನಮ್ಮ ಕಡೆ ರೂಢಿಯಂತೆ "ತಾತ, ಇಲ್ಲೆಲ್ಲಾದ್ರೂ ಪಂಚರ್ ಅಂಗಡಿ..." ಅಂತ ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಸೀದಾ ಟೈರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೆರಳಾಡಿಸಿ, ಬಿಲ್ಲೆಯಂಥ ತಲೆ ಇದ್ದ ಒಂದು ಮೊಳೆ ಕಿತ್ತು ನನ್ನ ಮುಖದ ಮುಂದೆ ಹಿಡಿದರು.

"ಎತ್ತಿನ ಲಾಳದ ಮಳಿ. ಯಾವೂರು ನಿಂದು?"

ಬೆಂಗಳೂರು ಅಂದೆ.

"ಅಲ್ಲಿಂದ ಇದರ ಮ್ಯಾಲ ಬಂದೀ? ಒಬ್ಬನ? ಮನ್ಯಾಗ ಹೇಳಿ ಬಂದೀ ಇಲ್ಲ?"

ಹೇಳಿದೀನಿ ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಪಾನಾ ಕೊಡು ಅಂದರು, ಅಂದರೆ ಸ್ಪ್ಯಾನರು. ಇಲ್ಲ ಅಂದೆ. ಟಾರ್ಚಿದೆ ಅಂತ ಹೇಳೋಕೆ ಬಾಯಿ ಬರಲಿಲ್ಲ.

"ಶಾಣ್ಯಾ ಇದ್ದೀ ಬಿಡಪಾ. ಇಷ್ಟ ದೂರ ಬರೋ ಮುಂದ ಒಂದ ಪಾನಾ ತರಾಕ ಆಗಲಿಲ್ಲೇನು?"

ಹೀಗೆ ಬೈಯುತ್ತಲೇ ಹೊಲದೊಳಗೆ ಹೋಗಿ, ಪಂಪ್‌ಸೆಟ್ಟಿನ ಪಾನಾ ತಂದು, ಬೈಯುತ್ತಲೇ ಬಿಚ್ಚೋಕೆ ಶುರು ಮಾಡಿದರು. ಬೇಕಿದ್ದ ನಟ್ಟು, ಬೇಡದ ನಟ್ಟು ಎಲ್ಲ ಬಿಚ್ಚಿ ತಮ್ಮ ಟವೆಲ್ಲಿನ ಮೇಲೆ ಸಾಲಾಗಿ ಇಟ್ಟರು. ಒಂದು ಸಲಾನೂ "ಸಹಾಯ ಬೇಕಾ" ಅಂತ ಕೇಳಲಿಲ್ಲ. ಕೇಳಿದ್ದರೆ ನಾನು ಮರ್ಯಾದೆಗೆ "ಇಲ್ಲ, ನೋಡ್ಕೋತೀನಿ" ಅಂತಿದ್ದೆ ಅಂತ ಕಾಣುತ್ತೆ. ನಗರದಲ್ಲಿ ಇದ್ದೂ ಇದ್ದೂ ಅಂಟಿರೋ ಚಟ ಅದು.

ಆ ಹೊತ್ತಿಗೆ ಇನ್ನೊಂದು ಬೈಕಲ್ಲಿ ಒಬ್ಬ ಹುಡುಗ ಹೋಗ್ತಿದ್ದ. ಅಜ್ಜ ಕೈ ಅಡ್ಡ ಹಿಡಿದು ನಿಲ್ಲಿಸಿ, "ಇವನ್ನ ಅಮೀನಗಡಕ್ಕ ಕರಕೊಂಡ್ ಹೋಗಿ ಪಂಚರ್ ಹಾಕಿಸ್ಕೊಂಡ್ ಬಾ" ಅಂದರು. ಪರಿಚಯದವನೇ ಇರಬೇಕು ಅಂದುಕೊಂಡೆ. ದಾರಿಯಲ್ಲಿ ಕೇಳಿದರೆ, "ಇಲ್ರೀ ಅಣ್ಣಾರ, ಅವರು ಯಾರೋ ಏನೋ" ಅಂದ! ಅವನು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೊರಟಿದ್ದನಂತೆ. ಬನದ ಹುಣ್ಣಿಮೆ ತೇರು ಮುಗಿದಿದ್ದರೂ ಜಾತ್ರೆ ಇನ್ನೂ ನಡೀತಿತ್ತು, ನಾಟಕ ಕಂಪನಿಗಳ ಟೆಂಟುಗಳು ಎದ್ದಿರಲಿಲ್ಲ. ಗೆಳೆಯರು ರಾತ್ರಿ ಆಟಕ್ಕೆ ಟಿಕೆಟ್ ತೆಗೆದು ಕಾಯ್ತಿದ್ದಾರೆ ಅಂತ ಹೇಳುತ್ತಲೇ, ಬಂದ ದಾರಿಗೇ ಗಾಡಿ ಓಡಿಸ್ತಿದ್ದ. ನಾನು ಹಿಂದೆ ಕೂತು, ಗ್ರೀಸು ಮೆತ್ತಿದ ಗಾಲೀನ ಮಗು ಹಾಗೆ ತೊಡೆ ಮೇಲೆ ತಬ್ಬಿಕೊಂಡಿದ್ದೆ. ಪ್ಯಾಂಟಿನ ಕಲೆ ಇವತ್ತಿಗೂ ಹೋಗಿಲ್ಲ.

ಪಂಚರ್ ಅಂಗಡಿಯವನು ಟ್ಯೂಬನ್ನ ನೀರಿನ ತೊಟ್ಟಿಯಲ್ಲಿ ತಿರುಗಿಸಿದ. ಒಂದು ಕಡೆ ಅಲ್ಲ, ಮೂರು ಕಡೆ ಗುಳ್ಳೆ ಎದ್ದವು. ಗಾಳಿ ಹೋದ ಮೇಲೂ ಓಡಿಸಿದ್ದೀರಿ ಅಂತ ಅವನೂ ಬೈದ. ಹೊಸ ಟ್ಯೂಬೇ ಹಾಕಿಸಿದೆ.

ವಾಪಸು ಬಂದಾಗ ಕತ್ತಲಾಗೋಕೆ ಸ್ವಲ್ಪ ಹೊತ್ತಿತ್ತು. ಅಜ್ಜ ನನ್ನ ಗಾಡಿ ಕಾಯುತ್ತಾ ಬೆಂಕಿ ಮುಂದೆ ಕೂತಿದ್ದರು. ಆ ಹೊಗೆ ಏನಕ್ಕೆ ಅಂತ ಆಗ ಗೊತ್ತಾಯ್ತು. ಸೀತನಿ ಸುಡ್ತಿದ್ದರು. ಇನ್ನೂ ಹಾಲು ಆರದ ಜೋಳದ ತೆನೆಯನ್ನ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಬೇಕು, ಊದಿದರೆ ಹೊಟ್ಟು ಹಾರಿ ಹಸಿರು ಕಾಳು ಉಳಿಯುತ್ತೆ. ನಾನು ತಿಕ್ಕೋಕೆ ಹೋಗಿ ಕೈ ಸುಟ್ಟುಕೊಂಡೆ. ಅದಕ್ಕೂ ಬೈಗುಳ ಬಿತ್ತು. ಕೊನೆಗೆ ಅವರೇ ತಿಕ್ಕಿ ಬೊಗಸೆಗೆ ಹಾಕಿ, ಮೇಲೆ ಶೇಂಗಾ ಹಿಂಡಿ ಅನ್ನೋ ಚಟ್ನಿಪುಡಿ, ಒಂದು ಚೂರು ಬೆಲ್ಲ ಇಟ್ಟರು. ಸಿಹಿ, ಖಾರ, ಸುಟ್ಟ ವಾಸನೆ, ಎಲ್ಲ ಒಂದೇ ಸಲ. ಅಮೀನಗಡದ ಕರದಂಟು ಬ್ಯಾಗಲ್ಲೇ ಉಳೀತು. ಅದನ್ನೇ ಕೊಡೋಣ ಅಂತ ತೆಗೆದೆ, ಅಜ್ಜ ಒಂದು ತುಂಡು ಬಾಯಿಗೆ ಹಾಕಿಕೊಂಡು ಪೊಟ್ಟಣವನ್ನ ಹುಡುಗನ ಕೈಗೆ ದಾಟಿಸಿಬಿಟ್ಟರು.

ಮೇಗುತಿ ತಪ್ಪಿತಲ್ಲ ಅಂತ ಗೊಣಗಿದೆ. "ಆ ಕಲ್ಲು ಎಲ್ಲಿ ಓಡಿ ಹೊಕ್ಕೈತಿ? ಸಾವಿರ ವರ್ಷದಿಂದ ಅಲ್ಲೇ ಐತಿ, ನಾಳೆ ನೋಡು" ಅಂದರು.

ಗಾಲಿ ಕೂಡಿಸಿದ್ದೂ ಅವರೇ. ಟಾರ್ಚು ಹಿಡಿದಿದ್ದು ನಾನು. ಅಂತೂ ಕೆಲಸಕ್ಕೆ ಬಂತು! ಪರ್ಸು ತೆಗೆದೆ, ತೆಗೆಯಬಾರದಿತ್ತು. ಅವರ ಮುಖ ನೋಡಿ ಹಾಗೇ ಜೇಬಿಗೆ ಹಾಕಿಕೊಂಡೆ. ಆ ಲಾಳದ ಮೊಳೆಯನ್ನ ಮಾತ್ರ ಅವರು ರಸ್ತೆಗೆ ಎಸೆಯಲಿಲ್ಲ. "ಮತ್ತೊಬ್ಬರಿಗೆ ಬಡದೀತು" ಅಂತ ಪಟಕಾದ ಅಂಚಿಗೆ ಸಿಕ್ಕಿಸಿಕೊಂಡರು. ಹುಡುಗ ಐಹೊಳೆ, ಪಟ್ಟದಕಲ್ಲು ದಾಟಿಸಿ ಬಾದಾಮಿವರೆಗೆ ನನ್ನ ಮುಂದೆ ಮುಂದೆ ಗಾಡಿ ಓಡಿಸಿದ. ನಾಟಕ ಅರ್ಧ ಆದರೂ ಸಿಕ್ಕಿತೋ ಇಲ್ವೋ ಗೊತ್ತಿಲ್ಲ, ಹೆಸರು ಕೇಳೋದೂ ಮರೆತೆ.

ದಾರಿಯುದ್ದಕ್ಕೂ ಚೈನು ಕವರಿಗೆ ಬಡಿದು ಕಟಕಟ ಅಂತಿತ್ತು. ಮಾರನೇ ದಿನ ಬೆಳಗ್ಗೆ ಬಾದಾಮಿಯಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಬಗ್ಗಿ ನೋಡಿ, ತಲೆ ಎತ್ತಿ ಕೇಳಿದ: "ಯಾವ ಮಂಗ್ಯಾ ಕೂಡ್ಸ್ಯಾನ್ರೀ ಈ ಗಾಲೀನ?"

"ನಾನೇ" ಅಂದೆ.