ನಿದ್ದೆ ಎಲ್ಲಿಂದ ಬಂತು?

ಇವತ್ತು ಕನ್ನಡ ಬಾರದ ಮಕ್ಕಳ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ‘ನನಗೆ ನಿದ್ದೆ ಬಂತು’ ಅಂತ ಬರೆದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. “ಎಲ್ಲಿಂದ ಬಂತು?”

ಸುಮ್ನೆ ನಿಂತುಬಿಟ್ಟೆ. ಮಾತು ಕಲಿತಾಗಿನಿಂದ ಹೇಳುತ್ತಿದ್ದೇನೆ, ಒಮ್ಮೆಯೂ ಹೀಗೆ ಯೋಚಿಸಿರಲಿಲ್ಲ. ಕನ್ನಡದಲ್ಲಿ ಸಿಟ್ಟು ಬರುತ್ತದೆ, ಅಳು ಬರುತ್ತದೆ, ನೆನಪೂ ಬರುತ್ತದೆ. ನಾನು ಮಾತ್ರ ‘ನನಗೆ’ ಆಗಿ ಮೂಲೆಯಲ್ಲಿ ಕೂತಿರುತ್ತೇನೆ. ಈ ಮಕ್ಕಳ ಭಾಷೆಯಲ್ಲಿ ಇದನ್ನೆಲ್ಲ ‘ನಾನು’ ಅಂತಲೇ ಶುರು ಮಾಡಬೇಕು. ಅದಕ್ಕೇ ಇರಬೇಕು, ಬಸ್ಸಿನಲ್ಲಿ ಆ ಭಾಷೆಯಲ್ಲಿ ಟಿಕೆಟ್ ಕೇಳುವಾಗ ಇನ್ನೂ ತೊದಲುತ್ತೇನೆ. (ಡ್ರೈವರ್ ಪಾಪ, ದಿನಾ ಎರಡೆರಡು ಸಲ ಕೇಳಿಸಿಕೊಳ್ಳುತ್ತಾರೆ.)

ಕ್ಲಾಸ್ ಟೀಚರ್ ನಗುತ್ತಾ ನನ್ನ ಕಡೆ ನೋಡಿದರು. “ನಾಳೆ ಹೇಳುತ್ತೇನೆ” ಅಂದೆ. ಸಹಾಯಕ ಶಿಕ್ಷಕಿಗೆ ಅಷ್ಟಾದರೂ ರಿಯಾಯಿತಿ ಬೇಡ್ವಾ?

ಈಗ ರಾತ್ರಿ ಹನ್ನೆರಡೂವರೆ. ಎಲ್ಲಿಂದ ಬರಬೇಕೋ ಏನೋ, ಇನ್ನೂ ಬಂದಿಲ್ಲ.